ಮರದ ಹುಡಿಗೆ ಯಾವ ಚೀಲ?

ನಾವು ಚಿಕ್ಕವರಿದ್ದಾಗ ಮರಗೆಲಸವೆಂದರೆ ಉಳಿ, ಬಾಚಿ, ಗರಗಸ, ಕೀಸುಳಿಗಳ ಕೆಲಸ. ಆಚಾರಿಯು ಅಂಗಳದ ಹಲಸಿನ ಮರದ ನೆರಳಿನಲ್ಲಿ ಕುಳಿತು ಕೀಸುತ್ತಿದ್ದರೆ ಸಿಪ್ಪೆ ಸುರುಳಿ ಸುರುಳಿಯಾಗಿ ಬೀಳುತ್ತಿತ್ತು. ಮಕ್ಕಳಾದ ನಾವು ಅದನ್ನು ಬಳೆಯಂತೆ ಕೈಗೆ ತೊಟ್ಟು ಆಡುತ್ತಿದ್ದೆವು. ಸಂಜೆಗೆ ಅದು ಬಚ್ಚಲಿನ ಒಲೆಗೆ ಹೋಗುತ್ತಿತ್ತು. ಅದರಿಂದ ಯಾರಿಗೂ ಕೆಮ್ಮು ಬಂದುದನ್ನು ನಾನು ಕಂಡಿಲ್ಲ.

ಇಂದು ಹಾಗಿಲ್ಲ. ಮನೆಯ ಹಿಂದಿನ ಚಾವಡಿಯಲ್ಲೋ ಕೊಟ್ಟಿಗೆಯಲ್ಲೋ ವಿದ್ಯುತ್ ಗರಗಸ, ತಿರುಗುವ ಉಪ್ಪುಕಾಗದದ ಯಂತ್ರ ಇಟ್ಟುಕೊಂಡು ಬಿಡುವಿನ ವೇಳೆಯಲ್ಲಿ ಮಣೆ, ಮೇಜು ಮಾಡುವವರು ಹೆಚ್ಚಿದ್ದಾರೆ. ಅವರಲ್ಲಿ ನಾನೂ ಒಬ್ಬ. ಯಂತ್ರವು ಮರವನ್ನು ಕೀಸುವುದಕ್ಕಿಂತ ಹೆಚ್ಚಾಗಿ ಅರೆಯುತ್ತದೆ. ಅರೆದ ಮರ ಹಿಟ್ಟಾಗುತ್ತದೆ, ಹಿಟ್ಟು ಗಾಳಿಗೇರುತ್ತದೆ. ಅದನ್ನು ಎಳೆದುಕೊಳ್ಳಲು ಧೂಳು ಹೀರುವ ಯಂತ್ರವೊಂದನ್ನು ಕೊಂಡೆ. ಅದರ ತಲೆಯ ಮೇಲೊಂದು ಬಟ್ಟೆಯ ಚೀಲ. ನೆಲ ಸ್ವಚ್ಛವಾಯಿತು, ನನಗೂ ಸಮಾಧಾನವಾಯಿತು. ಆ ಸಮಾಧಾನ ಹುಸಿಯೆಂದು ತಿಳಿದದ್ದು ನಾಂದಣಿಯಲ್ಲಿ.

ನಾಂದಣಿಯ ಕಾಕಾ

ನಾಂದಣಿ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ಊರು, ಜೈನ ಮಠಕ್ಕೆ ಹೆಸರಾದದ್ದು. ಟಿ.ಸಿ.ಎಚ್. ಓದುವಾಗ ನನ್ನ ಜೊತೆಗಿದ್ದ ಗೆಳೆಯನ ಮನೆ ಅಲ್ಲಿದೆ. ನಮ್ಮಲ್ಲಿ ಮನೆಯೊಳಗೆ ಕನ್ನಡ, ಪೇಟೆಯಲ್ಲಿ ಮಲಯಾಳ ಇದ್ದಂತೆ ಅವರ ಮನೆಯೊಳಗೆ ಕನ್ನಡ, ಪೇಟೆಯಲ್ಲಿ ಮರಾಠಿ. ಹತ್ತಿರದಲ್ಲೇ ಪಂಚಗಂಗಾ ತೀರದ ಇಚಲಕರಂಜಿ. 1904ರಲ್ಲಿ ವಿಠ್ಠಲರಾವ್ ದಾತಾರ್ ಅವರು ಅಲ್ಲಿ ಮೊದಲ ಪವರ್‌ಲೂಮ್ ಹೂಡಿದರು. ಇಂದು ಆ ಪಟ್ಟಣದ ಗಲ್ಲಿ ಗಲ್ಲಿಯಲ್ಲಿ ಮಗ್ಗದ ಸದ್ದು.

ಗೆಳೆಯನ ಕಾಕಾ ಬಹುಕಾಲ ಆ ಮಗ್ಗಗಳಲ್ಲಿ ದುಡಿದವರು. ಈಗ ಮನೆಯ ಪಡಸಾಲೆಯ ಪಕ್ಕದ ಕೋಣೆಯಲ್ಲಿ ಮರದ ಸಣ್ಣಪುಟ್ಟ ಸಾಮಾನು ಮಾಡುತ್ತಾರೆ. ಧೂಳು ಹೀರುವ ಯಂತ್ರಕ್ಕೆ ಅವರು ತಾವೇ ಚೀಲ ಹೊಲಿದಿದ್ದರು. ಊರಿನ ಬಟ್ಟೆ, ಒತ್ತು ನೇಯ್ಗೆಯ ಹತ್ತಿ ಪಾಪ್ಲಿನ್. ಆದರೂ ಪಕ್ಕದ ಕೋಣೆಯಲ್ಲಿ ಮಲಗುವ ಮೊಮ್ಮಗನಿಗೆ ರಾತ್ರಿಯಿಡೀ ಕೆಮ್ಮು. ಒಂದು ದಿನ ಕೆಲಸ ನಿಲ್ಲಿಸಿ ಬಹಳ ಹೊತ್ತಾದ ಮೇಲೆ ಅವರು ಕೋಣೆಗೆ ಹೋದರಂತೆ. ಹಂಚಿನ ಸಂದಿಯಿಂದ ಇಳಿದ ಬಿಸಿಲ ಕೋಲಿನಲ್ಲಿ ಧೂಳು ಇನ್ನೂ ಕುಣಿಯುತ್ತಿತ್ತು.

"ಮಾಸ್ತರ್ರ, ಈ ಅರಿವಿ ನಮ್ಮ ಮಗ್ಗದ್ದರೀ, ಭಾಳ ಗಟ್ಟಿ. ಆದ್ರ ಬಿಸಲಿಗೆ ಹಿಡದು ನೋಡ್ರಿ" ಎಂದು ಕಾಕಾ ಹಳೆಯ ಚೀಲವನ್ನು ನನ್ನ ಕೈಗಿತ್ತರು. ಹಿಡಿದು ನೋಡಿದೆ. ಹಾಸು ಹೊಕ್ಕಿನ ಎಳೆಗಳು ಕೂಡುವಲ್ಲೆಲ್ಲ ಸೂಜಿಮೊನೆಯಷ್ಟು ಬೆಳಕು. "ಇದು ಕಸಾ ಹಿಡೀತದ, ಧೂಳ ಬಿಡ್ತದ" ಎಂದರು ಕಾಕಾ.

ಕಾಣದ ಧೂಳೇ ಅಪಾಯ

ಈ ಮಾತಿನ ತೂಕ ತಿಳಿಯಬೇಕಾದರೆ ಅಳತೆ ತಿಳಿಯಬೇಕು. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. 40ಕ್ಕಿಂತ ಕಿರಿದಾದ ಕಣ ಬರಿಗಣ್ಣಿಗೆ ಬಿಡಿಯಾಗಿ ಕಾಣುವುದು ಕಷ್ಟ. ದೊಡ್ಡ ಕಣಗಳನ್ನು ಮೂಗು ತಡೆಯುತ್ತದೆ. 10 ಮೈಕ್ರಾನಿಗಿಂತ ಸಣ್ಣವು ಗಂಟಲು ದಾಟಿ ಇಳಿಯುತ್ತವೆ. ನಾಲ್ಕೈದು ಮೈಕ್ರಾನಿನವು ಶ್ವಾಸಕೋಶದ ತಳವನ್ನು ಸೇರುತ್ತವೆ. ಯಂತ್ರದ ಜೊತೆಗೆ ಬರುವ ಅಗ್ಗದ ಚೀಲಗಳು ಬಹುಮಟ್ಟಿಗೆ 30 ಮೈಕ್ರಾನಿನವು. ಗುಡಿಸಿದರೆ ಹೋಗುವ ಹುಡಿಯನ್ನು ಹಿಡಿದು, ಗುಡಿಸಲಾಗದ ಧೂಳನ್ನು ನಮ್ಮ ಮೂಗಿನ ಮಟ್ಟದಲ್ಲೇ ಊದಿಬಿಡುವುದು ಅವುಗಳ ಗುಣ.

ಇದು ಬರಿಯ ಸೀನು, ಕೆಮ್ಮಿನ ಮಾತಲ್ಲ. ಇಂಗ್ಲೆಂಡಿನ ಹೈ ವಿಕಂಬ್ ಕುರ್ಚಿ ತಯಾರಿಕೆಗೆ ಹೆಸರಾದ ಊರು. ಅಲ್ಲಿನ ಮರಗೆಲಸದವರಲ್ಲಿ ಮೂಗಿನೊಳಗಿನ ಕ್ಯಾನ್ಸರ್ ವಿಪರೀತವಾಗಿರುವುದನ್ನು 1960ರ ದಶಕದಲ್ಲಿ ಎಸ್ಮೆ ಹ್ಯಾಡ್‌ಫೀಲ್ಡ್ ಎಂಬ ಕಿವಿ, ಮೂಗು, ಗಂಟಲಿನ ವೈದ್ಯೆ ಗಮನಿಸಿದರು. ಅವರೂ ಸಂಗಡಿಗ ವೈದ್ಯರೂ ಕೂಡಿ ಬರೆದ ವರದಿ 1968ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. 1995ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ವರ್ಷಾನುಗಟ್ಟಲೆ ಅದರಲ್ಲೇ ದುಡಿದವರ ಮಾತಿದು. ಭಾನುವಾರದ ಬಡಗಿಗೆ ಅಷ್ಟು ಭಯ ಬೇಡ, ಆದರೆ ಉದಾಸೀನವೂ ಸಲ್ಲದು. ಬೀಟೆ, ತೇಗಗಳ ಹುಡಿ ಕೆಲವರ ಚರ್ಮಕ್ಕೂ ಆಗುವುದಿಲ್ಲ.

ಜರಡಿ ಮತ್ತು ಮರಳು

ನಾಂದಣಿಯ ಜೈನ ಮನೆಗಳಲ್ಲಿ ನೀರನ್ನು ದಪ್ಪ ಬಟ್ಟೆಯನ್ನು ಮಡಿಸಿ ಸೋಸಿ ಕುಡಿಯುವುದು ರೂಢಿ. ಒಂದು ಪದರಕ್ಕಿಂತ ಎರಡು ಪದರ ಮೇಲೆಂದು ಅಲ್ಲಿ ಮಕ್ಕಳಿಗೂ ಗೊತ್ತು. ಚೀಲದ ಆಯ್ಕೆಗೂ ಇದೇ ತತ್ತ್ವ. ನೇಯ್ದ ಬಟ್ಟೆ ಜರಡಿಯಂತೆ, ತೂತಿಗಿಂತ ಸಣ್ಣದೆಲ್ಲ ಪಾರಾಗುತ್ತದೆ. ಫೆಲ್ಟ್ ಎಂಬ ಬಟ್ಟೆಯನ್ನು ನೇಯುವುದಿಲ್ಲ. ಪಾಲಿಯೆಸ್ಟರ್ ನಾರನ್ನು ಸೂಜಿಗಳಿಂದ ಚುಚ್ಚಿ ಚುಚ್ಚಿ ದಪ್ಪಗೆ ಒತ್ತುತ್ತಾರೆ. ಅದರಲ್ಲಿ ನೇರ ತೂತು ಇರುವುದಿಲ್ಲ. ಮರಳಿನ ಹಾಸಿನಲ್ಲಿ ನೀರು ಬಳಸಿ ಬಳಸಿ ಇಳಿಯುವಂತೆ ಗಾಳಿ ಅದರೊಳಗೆ ಸುತ್ತಿ ಸಾಗುತ್ತದೆ, ಧೂಳು ನಾರಿಗೆ ಅಂಟಿ ಉಳಿಯುತ್ತದೆ. ಜನ್ಮವೆಲ್ಲ ನೇಯ್ಗೆಯಲ್ಲೇ ಕಳೆದ ಕಾಕಾ ಕಡೆಗೆ ಆರಿಸಿಕೊಂಡದ್ದು ನೇಯದ ಬಟ್ಟೆಯನ್ನು.

ಕೊಳ್ಳುವಾಗ ಒಂದು ಎಚ್ಚರ. "1 ಮೈಕ್ರಾನ್ ಚೀಲ" ಎಂದಷ್ಟೇ ಬರೆದಿದ್ದರೆ ನಂಬಬಾರದು. ಆ ಅಳತೆಯ ಕಣಗಳಲ್ಲಿ ನೂರಕ್ಕೆ ಎಷ್ಟನ್ನು ಹಿಡಿಯುತ್ತದೆ, ಹೊಸದಿದ್ದಾಗಲೋ ಧೂಳು ಕೂತ ಮೇಲೋ ಎಂದು ಕೇಳಬೇಕು. ಯಾವ ಚೀಲವೂ ಹೊಸದರಲ್ಲಿ ಹೆಚ್ಚು ಸೋರುತ್ತದೆ. ಒಳಮೈಗೆ ಧೂಳಿನ ತೆಳು ಪದರ ಕೂತ ಮೇಲೆ ಆ ಪದರವೇ ಸೋಸತೊಡಗುತ್ತದೆ. ಆದುದರಿಂದ ಚೀಲವನ್ನು ಮೆಲ್ಲಗೆ ಕೊಡವಿದರೆ ಸಾಕು, ಪದೇ ಪದೇ ಒಗೆಯಬೇಕಿಲ್ಲ.

ಉದ್ದ ಚೀಲದ ಲೆಕ್ಕ

ಬಟ್ಟೆ ಸಣ್ಣದನ್ನು ಹಿಡಿದಷ್ಟೂ ಗಾಳಿಗೆ ತಡೆ ಹೆಚ್ಚು. ಪುಟ್ಟ ಚೀಲಕ್ಕೆ ಫೆಲ್ಟ್ ಹಾಕಿದರೆ ಯಂತ್ರ ಉಸಿರುಗಟ್ಟುತ್ತದೆ, ಗರಗಸದ ಬಳಿ ಎಳೆತವೇ ಇಲ್ಲವಾಗುತ್ತದೆ. ಪರಿಹಾರ ಬಟ್ಟೆಯ ವಿಸ್ತೀರ್ಣವನ್ನು ಹೆಚ್ಚಿಸುವುದು. ಎಂಟನೆಯ ತರಗತಿಯ ಮಕ್ಕಳೂ ಮಾಡಬಹುದಾದ ಲೆಕ್ಕ ಇದು. ಅರ್ಧ ಮೀಟರ್ ಅಡ್ಡಳತೆ, ಒಂದು ಮೀಟರ್ ಎತ್ತರದ ಚೀಲದ ಸುತ್ತಲಿನ ಬಟ್ಟೆ 3.14 × 0.5 × 1, ಅಂದರೆ 1.57 ಚದರ ಮೀಟರ್. ಸುಮಾರು 17 ಚದರ ಅಡಿ. ಯಂತ್ರ ನಿಮಿಷಕ್ಕೆ 600 ಘನ ಅಡಿ ಗಾಳಿ ತಳ್ಳಿದರೆ ಪ್ರತಿ ಚದರ ಅಡಿಯ ಮೇಲೆ 35 ಘನ ಅಡಿಯ ಹೊರೆ. ಇದು ಹೆಚ್ಚಾಯಿತು. ಗಾಳಿ ರಭಸದಿಂದ ಸಣ್ಣ ಧೂಳನ್ನು ಬಟ್ಟೆಯೊಳಗಿಂದ ನೂಕುತ್ತದೆ. ಅದೇ ಅಗಲದ ಎರಡೂವರೆ ಮೀಟರ್ ಎತ್ತರದ ಚೀಲವಾದರೆ ಹೊರೆ 14ಕ್ಕೆ ಇಳಿಯುತ್ತದೆ. 10ರ ಆಸುಪಾಸಿಗೆ ಬಂದರೆ ಇನ್ನೂ ಒಳ್ಳೆಯದು. ಕಾಕಾ ಮಾಡಿದ್ದೂ ಇದನ್ನೇ. ತೊಲೆಗೆ ಕಟ್ಟಿದ ಉದ್ದ ಫೆಲ್ಟ್ ಚೀಲ, ನಡುವೆ ದಪ್ಪ ಹುಡಿ ಬೀಳಲು ಮುಚ್ಚಳದ ಡ್ರಮ್ಮು.

ನಮ್ಮ ಮಳೆನಾಡಿನಲ್ಲಿ ಇನ್ನೊಂದು ಮಾತೂ ಉಂಟು. ಜೂನ್ ಬಂತೆಂದರೆ ಹತ್ತಿ ಚೀಲ ತೇವ ಹೀರಿ ಬೂಸ್ಟು ಹಿಡಿಯುತ್ತದೆ, ಒಗೆದರೆ ಕುಗ್ಗುತ್ತದೆ. ಪಾಲಿಯೆಸ್ಟರಿಗೆ ಆ ತೊಂದರೆ ಕಡಿಮೆ. ಆದರೆ ಒಳಗೆ ಕೂತ ಹುಡಿಯೇ ತೇವಗೊಂಡು ಗಟ್ಟಿಯಾಗಬಹುದು. ಮಳೆಗಾಲಕ್ಕೆ ಮುನ್ನ ಚೀಲವನ್ನು ಬರಿದು ಮಾಡಿ, ಒಣಗಿಸಿ ಕಟ್ಟಿಡುವುದು ಲೇಸು. ಆಗ ಮೂಗಿಗೆ ಎನ್-95 ಮಾಸ್ಕ್ ಇರಲಿ. ಹುಡಿಯೊಳಗೆ ಕಿಡಿ ಬಿದ್ದರೆ ಬಹಳ ಹೊತ್ತು ಕುದಿದು ಹೊತ್ತಿಕೊಳ್ಳುವುದರಿಂದ, ಮೊಳೆಯಿರುವ ಹಳೆಯ ಮರ ಕೊಯ್ದ ದಿನ ಚೀಲವನ್ನು ತುಂಬಿಯೇ ಬಿಟ್ಟು ಮಲಗಬಾರದು.

ಇಷ್ಟು ಖರ್ಚು ಸಾಧ್ಯವಿಲ್ಲದವರು ಯಂತ್ರವನ್ನು ಕೋಣೆಯಿಂದ ಹೊರಗೆ, ಮಾಡಿನ ಇಳಿಜಾರಿನ ಅಡಿಯಲ್ಲಿಟ್ಟು, ಕೊಳವೆಯನ್ನು ಮಾತ್ರ ಒಳಗೆ ತರಬಹುದು. ಸೋರಿದ ಧೂಳು ಬಯಲಿಗೆ ಹೋಗುತ್ತದೆ. ಅದು ನೆರೆಮನೆಯ ಕಿಟಕಿಯ ಕಡೆಗೆ ಬೀಸದಿದ್ದರಾಯಿತು.

ಊರಿಗೆ ಬಂದ ರಾತ್ರಿಯೇ ನಾನು ಕೊಟ್ಟಿಗೆಯ ದೀಪವಾರಿಸಿ, ಯಂತ್ರ ನಡೆಸಿ, ಚೀಲದ ಪಕ್ಕಕ್ಕೆ ಟಾರ್ಚ್ ಬಿಟ್ಟು ನೋಡಿದೆ. ಬೆಳಕಿನಲ್ಲಿ ಹೊಗೆಯಂತೆ ಧೂಳು ಏಳುತ್ತಿತ್ತು. ಕೊಟ್ಟಿಗೆಗೂ ನನ್ನ ಮಗಳು ಓದಲು ಕೂರುವ ಕೋಣೆಗೂ ನಡುವೆ ಇರುವುದು ಒಂದೇ ಬಾಗಿಲು. ಮರುದಿನದಿಂದ ಯಂತ್ರ ಹೊರಗಿದೆ, ಫೆಲ್ಟ್ ಚೀಲಕ್ಕೆ ಅಳತೆ ಕೊಟ್ಟಾಗಿದೆ. ಮನೆಯಲ್ಲಿ ಮರಗೆಲಸದ ಹವ್ಯಾಸವಿರುವ ಓದುಗರು ಇಂದು ರಾತ್ರಿ ಇದೊಂದು ಪರೀಕ್ಷೆ ಮಾಡಿ ನೋಡಲಿ. ಒಂದು ಟಾರ್ಚ್ ಇದ್ದರೆ ಸಾಕು.