ಕುಂಟುವ ನಾಯಿಮರಿಗೆ ಟಾನಿಕ್ ಮದ್ದಲ್ಲ

ಆಂಧ್ರದ ಮಡಕಶಿರಾ ಸೀಮೆಯ ಅಗಳಿಯೂ ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡದ ಮನೆಗಳಿರುವ ಊರು. ಹಿಂದೆ ಅನಂತಪುರ ಜಿಲ್ಲೆಯಲ್ಲಿದ್ದುದು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಕುರಿ, ರಾಗಿಯ ಆ ಬಯಲುಸೀಮೆಯಲ್ಲಾಗಲಿ ನಮ್ಮ ಅಡಿಕೆ ತೋಟದ ಮನೆಗಳಲ್ಲಾಗಲಿ ಹಿಂದೆ ಕಾವಲಿಗೆ ಇದ್ದುದು ನಾಟಿ ನಾಯಿ. ಈಗ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಮರಿಗಳನ್ನು ತಂದು ಸಾಕುವವರೂ ಇದ್ದಾರೆ. ಅಂಥವರು ಒಂದು ಬೇನೆಯ ವಿಚಾರ ತಿಳಿದಿರಬೇಕು.

ಐದಾರು ತಿಂಗಳ ಮರಿ ಮಲಗಿದಲ್ಲಿಂದ ಏಳಲು ತಡವರಿಸುತ್ತದೆ. ಓಡುವಾಗ ಹಿಂಗಾಲೆರಡನ್ನೂ ಜೋಡಿಸಿ ಮೊಲದಂತೆ ಕುಪ್ಪಳಿಸುತ್ತದೆ. 'ಎಲುಬಿಗೆ ಬಲ ಸಾಲದು' ಎಂದು ಮನೆಯವರು ಕ್ಯಾಲ್ಸಿಯಂ ಟಾನಿಕ್ ಕುಡಿಸುತ್ತಾರೆ. ತಪ್ಪುವುದು ಇಲ್ಲಿಯೇ. ತೊಡೆಯೆಲುಬಿನ ಗುಂಡು ಸೊಂಟದ ಬಟ್ಟಲಿನಲ್ಲಿ ಭದ್ರವಾಗಿ ಕೂರದೆ ಅಲುಗುವುದೇ ಈ ರೋಗ. ಹಿಪ್ ಡಿಸ್‌ಪ್ಲೇಸಿಯಾ ಎಂದು ಹೆಸರು. ಮುಂಗಾಲು ಕುಂಟಿದರೆ ಮೊಣಕೈ, ಭುಜದ ಕೀಲುಗಳನ್ನೂ ನೋಡಬೇಕು.

ರೋಗದ ಬೇರು ವಂಶದಲ್ಲಿದೆ. ಅದನ್ನು ಬಲಿಸುವುದು ನಮ್ಮ ಅತಿಪ್ರೀತಿಯ ಊಟ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಗಳಿದ್ದಾಗಿನಿಂದಲೇ ಎರಡು ಪಾಲು ಮಾಡಿ, ಒಂದು ಪಾಲಿಗೆ ಶೇಕಡಾ 25ರಷ್ಟು ಕಡಿಮೆ ಉಣಿಸಿ ಸಾಕಿದರು. ಕಡಿಮೆ ಉಂಡವುಗಳಲ್ಲಿ ಸೊಂಟದ ದೋಷ ಎಷ್ಟೋ ಕಡಿಮೆ. ಆಯುಸ್ಸು ಸುಮಾರು ಎರಡು ವರ್ಷ ಹೆಚ್ಚು ಎಂದು 2002ರ ವರದಿ ಹೇಳಿತು. ಪಕ್ಕೆಲುಬು ಕೈಗೆ ಸಿಗುವಂತಿರುವ ಮರಿಯನ್ನು ಕಂಡು ನೆಂಟರು 'ಬಡಕಲು' ಎಂದರೆ ಎನ್ನಲಿ ಬಿಡಿ!

ಇನ್ನು ಕ್ಯಾಲ್ಸಿಯಂ. ಎಳೆಯ ಮರಿಯ ಕರುಳಿಗೆ ಹೆಚ್ಚಾದುದನ್ನು ಹೀರದೆ ಬಿಡುವ ಶಕ್ತಿ ಸಾಲದು. ಹೀಗೆ ಮೈಸೇರಿದ್ದು ದೊಡ್ಡ ಜಾತಿಯ ಮರಿಗಳ ಎಲುಬಿನ ಬೆಳವಣಿಗೆಯನ್ನೇ ಕೆಡಿಸುತ್ತದೆ. ಬರೀ ಮಾಂಸ, ಅನ್ನ ತಿನ್ನುವ ಮರಿಗೆ ಅದರ ಕೊರತೆಯಾಗುವುದೂ ನಿಜ. ಆದುದರಿಂದ ಅಳತೆಯನ್ನು ವೈದ್ಯರೇ ಹೇಳಲಿ.

ಉಣುಗಿನಿಂದ ಬರುವ ಜ್ವರದಲ್ಲಿಯೂ ನಾಯಿ ಕುಂಟುವುದುಂಟು. ಹಾಗಾಗಿ ನಡಿಗೆ ನೋಡಿದರಷ್ಟೇ ಸಾಲದು. ಮಂಪರು ಬರಿಸಿ, ಕೀಲನ್ನು ಕೈಯಿಂದ ಅಲುಗಿಸಿ ನೋಡಿ, ಎಕ್ಸ್‌ರೇ ತೆಗೆಯಬೇಕು. ಹೆಚ್ಚಿನವಕ್ಕೆ ತೂಕ ಇಳಿಸುವುದು, ನೆಗೆತ ಬಿಡಿಸಿ ಹಗುರವಾಗಿ ನಡೆಸುವುದು, ಈಜು, ನೋವಿನ ಮದ್ದು ಇವುಗಳಿಂದಲೇ ಬಾಳು ಸಾಗುತ್ತದೆ. ಮನೆಯಲ್ಲಿರುವ ಐಬುಪ್ರೊಫೇನ್ ಮಾತ್ರೆ ಮಾತ್ರ ಬೇಡ. ನಾಯಿಗೆ ಅದು ವಿಷ. ನೋವು ತಡೆಯದಾದಾಗ ಗುಂಡನ್ನು ಕತ್ತರಿಸಿ ತೆಗೆಯುವ, ಕೃತಕ ಕೀಲು ಕೂಡಿಸುವ ಶಸ್ತ್ರಚಿಕಿತ್ಸೆಗಳಿವೆ.

ಬಟ್ಟಲು ಬೆಳೆಯುತ್ತ ಗುಂಡನ್ನು ಚೆನ್ನಾಗಿ ಮುಚ್ಚುವಂತೆ ಮಾಡುವ ಇನ್ನೊಂದು ಸಣ್ಣ ಶಸ್ತ್ರಚಿಕಿತ್ಸೆಯುಂಟು. ಅದನ್ನು ಐದು ತಿಂಗಳೊಳಗೇ ಮಾಡಿಸಬೇಕು. ಅಗಳಿಯವರಿಗಾದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜು, ನಮಗಾದರೆ ವಯನಾಡಿನ ಪೂಕೋಡು ಇಲ್ಲವೆ ತೃಶ್ಶೂರಿನ ಮಣ್ಣುತ್ತಿ. ದೂರವೆಂದು ಮುಂದೂಡುತ್ತ ಹೋದರೆ ಆ ಐದು ತಿಂಗಳು ಕಳೆದುಹೋಗುತ್ತದೆ.