‘ಜೊತೆಗಿದ್ದೋನು ಎಲ್ಲೋದ?’

ನೊಣವಿನಕೆರೆ ಕಡೆಯ ತೋಟದ ಮನೆಯೊಂದರ ಅಂಗಳದಲ್ಲಿ ಕೊಬ್ಬರಿ ಸುಲಿಯುತ್ತಿದ್ದರು. ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿ, ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನುವ ಕಾಯಿ. ಉಂಡೆಗೆ ಪೆಟ್ಟಾಗದಂತೆ ಚಿಪ್ಪು ಬಿಡಿಸಬೇಕು. ಒಡೆದರೆ ತಿಪಟೂರು ಮಾರುಕಟ್ಟೆಯಲ್ಲಿ ಬೆಲೆ ಕಮ್ಮಿ. ಜಗಲಿಯ ಹಳೆಯ ಟೇಪ್ ರೆಕಾರ್ಡರ್‌ನಲ್ಲಿ ‘ಜೊತೆಯಲಿ ಜೊತೆ ಜೊತೆಯಲಿ’ ಶುರುವಾಯಿತು ನೋಡಿ, ಹೆಂಗಸರ ಮಚ್ಚುಗಳೆಲ್ಲ ತಾನಾಗಿ ಹಾಡಿನ ತಾಳ ಹಿಡಿದವು!

ತುಮಕೂರಿನಲ್ಲಿ ಓದುವ ಮೊಮ್ಮಗಳು, ‘ಇದು ಹಿಂದೀಲೂ ಐತೆ ಅಜ್ಜಿ’ ಎನ್ನುತ್ತ ಮೊಬೈಲಿನಲ್ಲಿ ‘ಜಾನೆ ದೋ ನಾ’ ಹಾಕಿದಳು. ಅಜ್ಜಿ ಮಚ್ಚು ಕೆಳಗಿಟ್ಟು ಕೇಳಿದರು. ‘ಅದೇ ಕಣವ್ವ. ಆದ್ರೆ ಇದು ಓಡ್ತಿಲ್ಲ, ನಡೀತೈತೆ. ಅದ್ಸರಿ, ಜೊತೆಗಿದ್ದೋನು ಎಲ್ಲೋದ?’

ಇಷ್ಟು ನೇರವಾದ ಸಂಗೀತ ವಿಮರ್ಶೆಯನ್ನು ನಾನು ಈಚೆಗೆ ಎಲ್ಲೂ ಓದಿಲ್ಲ.

ಆ ಹಾಡಿನ ಸಿನಿಮಾ, 1981ರ ‘ಗೀತಾ’, ಗೊತ್ತಿಲ್ಲದವರು ಯಾರು? ಶಂಕರ್ ನಾಗ್ ನಿರ್ದೇಶನ, ಚಿ. ಉದಯಶಂಕರ್ ಸಾಹಿತ್ಯ, ಇಳಯರಾಜ ಸಂಗೀತ, ಎಸ್ಪಿಬಿ–ಜಾನಕಿ ಯುಗಳ. 1984ರಲ್ಲಿ ಇದೇ ರಾಗ, ಇದೇ ಗಾಯಕ ಜೋಡಿ ತಮಿಳಿನ ‘ನೂರಾವದು ನಾಳ್’ ಚಿತ್ರಕ್ಕೆ ಹೋಯಿತು. 2007ರಲ್ಲಿ ಆರ್. ಬಾಲ್ಕಿ ತಮ್ಮ ‘ಚೀನಿ ಕಮ್’ ಚಿತ್ರಕ್ಕೆ ಇಳಯರಾಜರಿಂದಲೇ ಅದನ್ನು ಹಿಂದಿಗೆ ತರಿಸಿದರು. ಹಾಡಿದ್ದು ಶ್ರೇಯಾ ಘೋಷಾಲ್, ಒಬ್ಬರೇ. ಅಜ್ಜಿ ಕೇಳಿದ್ದು ಅದನ್ನೇ.

ನನ್ನನ್ನು ಬಿಡದೆ ಕಾಡುವುದು ಇನ್ನೊಂದು ಸಂಗತಿ. ‘ಗೀತಾ’ದ ನಾಯಕಿಗೆ ರಕ್ತದ ಕ್ಯಾನ್ಸರ್, ‘ಚೀನಿ ಕಮ್’ನಲ್ಲಿ ಅಮಿತಾಭ್ ಪಾತ್ರದ ಪುಟ್ಟ ಗೆಳತಿಗೂ ಅದೇ ಕಾಯಿಲೆ. ಗೀತಾಳ ಪಾತ್ರ ಮಾಡಿದ ಅಕ್ಷತಾ ರಾವ್, ಶಂಕರ್ ನಾಗ್ ಪತ್ನಿ ಅರುಂಧತಿ ನಾಗ್ ಅವರ ತಂಗಿ. ‘ಚೀನಿ ಕಮ್’ ಬಂದ ಎರಡೇ ವರ್ಷದಲ್ಲಿ, 2009ರಲ್ಲಿ, ಬಾಲ್ಕಿಯವರ ‘ಪಾ’ ಚಿತ್ರದಲ್ಲಿ ಅರುಂಧತಿ ನಟಿಸಿ ರಾಷ್ಟ್ರಪ್ರಶಸ್ತಿ ಪಡೆದರು. ಅದಕ್ಕೂ ಇಳಯರಾಜರ ಸಂಗೀತವೇ. ಇದೆಲ್ಲ ಬರೀ ಕಾಕತಾಳೀಯ ಎಂದು ಒಪ್ಪಲು ನನ್ನ ಮನಸ್ಸು ಸುಲಭಕ್ಕೆ ಬಗ್ಗುವುದಿಲ್ಲ. ಐಡಿಯಾ ಮೊಬೈಲ್ ಜಾಹೀರಾತಿನ ಆ ಟ್ಯೂನ್ ನೆನಪಿದೆಯೇ? ಅದೂ ಇಳಯರಾಜರದೇ, ಕನ್ನಡದ್ದೇ, ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’ಯದು. ಆ ಜಾಹೀರಾತುಗಳನ್ನು ಮಾಡಿದ್ದು ಬಾಲ್ಕಿ ಇದ್ದ ಲೋವ್ ಸಂಸ್ಥೆ.

ಶ್ರೇಯಾ ದನಿಗೆ ನಾನೂ ಸೋತವನೇ. ಆದರೆ ಕನ್ನಡದ ಹಾಡಿಗೆ ಆ ಓಟ ಸುಮ್ಮನೆ ಬಂದದ್ದಲ್ಲ. ಗೀತಾಳಿಗೆ ಹೆಚ್ಚು ದಿನ ಉಳಿದಿಲ್ಲ ಎಂದು ಗೊತ್ತಿದ್ದವರಿಗೆ, ಇಬ್ಬರೂ ಅಷ್ಟು ಅವಸರದಲ್ಲಿ ನಗುತ್ತ ಹಾಡುವುದೇ ಕರುಳು ಹಿಂಡುತ್ತದೆ. ಹಿಂದಿಯಲ್ಲಿ ರಾಗ ಉಳಿಯಿತು, ಆ ಅವಸರ ಹೋಯಿತು.

‘ಚೀನಿ ಕಮ್’ ಬಂದಾಗ ಅನೇಕರು ಇದನ್ನು ತಮಿಳಿನ ರಾಗವೆಂದೇ ಬರೆದರು, ಈಗಲೂ ಬರೆಯುತ್ತಾರೆ. ತಮಿಳಿಗಿಂತ ಮೂರು ವರ್ಷ ಮೊದಲೇ ಅದು ‘ಗೀತಾ’ದಲ್ಲಿತ್ತು.