ಒಂದೇ ಸೂರಿನಡಿ ಮನೆ, ಕೊಟ್ಟಿಗೆ

ಕೆನಡಾದ ಮನಿಟೋಬ ಪ್ರಾಂತ್ಯದ ದಕ್ಷಿಣ ತುದಿಯಲ್ಲಿ, ಅಮೆರಿಕದ ಗಡಿಗೆ ತಾಗಿಕೊಂಡಿದೆ ರೈನ್‌ಲ್ಯಾಂಡ್ ಗ್ರಾಮೀಣ ಮುನಿಸಿಪಾಲಿಟಿ. ಕಣ್ಣು ಹಾಯುವಷ್ಟೂ ಬಯಲು. ಸರ್ವೆಯವರು ಎಳೆದ ಗೆರೆಯಂತೆ ರಸ್ತೆ, ಹೊಲ ಎಲ್ಲವೂ ಚೌಕ ಚೌಕ. ಕುಟುಂಬಕ್ಕೆ 160 ಎಕರೆ, ಆ ಹೊಲದಲ್ಲೊಂದು ಒಂಟಿ ಮನೆ. ಅದು ಹಿಂದೆ ಸರ್ಕಾರ ಹಾಕಿಕೊಟ್ಟ ಲೆಕ್ಕ. ನ್ಯೂಬರ್ಗ್‌ತಾಲ್ ಊರಿಗೆ ಬಂದಾಗ ಮಾತ್ರ ಆ ಲೆಕ್ಕ ತಪ್ಪುತ್ತದೆ. ಅಲ್ಲಿರುವುದು ಒಂದೇ ಉದ್ದನೆಯ ಬೀದಿ, ಸಾಲು ಕಾಟನ್‌ವುಡ್ ಮರಗಳು, ಅಕ್ಕಪಕ್ಕದಲ್ಲೇ ಮನೆಗಳು.

ಇದು ಅನಿಶಿನಾಬೆ ಮತ್ತು ಮೆಟಿ ಎಂಬ ಮೂಲನಿವಾಸಿ ಜನ ಓಡಾಡಿ ಬದುಕಿದ್ದ ನೆಲ. ಅನಿಶಿನಾಬೆ ಜನರೊಂದಿಗೆ 1871ರಲ್ಲಿ ಮಾಡಿಕೊಂಡ ಭೂ ಒಪ್ಪಂದದ ಬೆನ್ನಿಗೇ ಸರ್ಕಾರ ಒಕ್ಕಲುಗಳನ್ನು ಕರೆತರಲು ಹೊರಟಿತು. ದಕ್ಷಿಣ ರಷ್ಯಾದಲ್ಲಿದ್ದ ಜರ್ಮನ್ ಮಾತಾಡುವ ಮೆನೊನೈಟ್ ಕ್ರೈಸ್ತರು ಅದೇ ಹೊತ್ತಿಗೆ ಊರು ಬಿಡುವ ಯೋಚನೆಯಲ್ಲಿದ್ದರು. ಆಯುಧ ಹಿಡಿಯುವುದು ಅವರ ಧರ್ಮಕ್ಕೆ ಒಗ್ಗದು. ರಷ್ಯಾದಲ್ಲಿ ಸೈನ್ಯಸೇವೆಯ ವಿನಾಯಿತಿ ಕೈತಪ್ಪುತ್ತಿತ್ತು. ಸೈನ್ಯಕ್ಕೆ ಕರೆಯುವುದಿಲ್ಲ, ಶಾಲೆ ನಿಮ್ಮದೇ ಎಂದು 1873ರಲ್ಲಿ ಕೆನಡಾ ಲಿಖಿತ ಭರವಸೆ ಕೊಟ್ಟಿತು. 1875ರಿಂದ ಈ ಭಾಗಕ್ಕೆ ಒಕ್ಕಲುಗಳು ಬಂದವು.

ಸರ್ಕಾರದ ಚೌಕಗಳನ್ನು ಕಾಗದದಲ್ಲೇ ಬಿಟ್ಟು, ಅವರು ನ್ಯೂಬರ್ಗ್‌ತಾಲ್‌ನಂತಹ ಬೀದಿಯೂರುಗಳನ್ನು ಕಟ್ಟಿ ಎಲ್ಲರ ಜಮೀನನ್ನೂ ಒಟ್ಟುಗೂಡಿಸಿದರು. ನೆಲದ ಗುಣ ನೋಡಿ ಪಟ್ಟಿಗಳಾಗಿ ಹಂಚಿಕೊಂಡರು. ಗೋಮಾಳ ಎಲ್ಲರದು, ದನ ಕಾಯುವವನು ಇಡೀ ಊರಿಗೊಬ್ಬ. ಊರಿನ ಯಜಮಾನನಿಗೆ ‘ಶುಲ್ಟ್ಸ’ ಎಂಬ ಹೆಸರು. ಮನೆಗೆ ಕೊಟ್ಟಿಗೆ ಅಂಟಿಕೊಂಡೇ ಇರುತ್ತಿತ್ತು; ಹಿಮಗಾಳಿಯ ದಿನ ಹೊರಗೆ ಕಾಲಿಡದೆ ಹಾಲು ಕರೆಯಬಹುದು. ಮನೆಯ ನಟ್ಟನಡುವೆ ಇಟ್ಟಿಗೆಯ ದೊಡ್ಡ ಒಲೆ. ಕಟ್ಟಿಗೆಗೆ ಬರವಿದ್ದ ಈ ಬಯಲಿನಲ್ಲಿ ಅದಕ್ಕೆ ಹುಲ್ಲು ಹಾಕುತ್ತಿದ್ದರು. ಸಗಣಿಯನ್ನು ಇಟ್ಟಿಗೆಯಂತೆ ಕತ್ತರಿಸಿ ಒಣಗಿಸಿಟ್ಟು ಉರಿಸುತ್ತಿದ್ದರು. ಬೆರಣಿ ತಟ್ಟಿ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಅವರ ‘ವೈಸನಾಮ್ಟ್’, ಅಂದರೆ ಅನಾಥರ ಕಚೇರಿ. ಗಂಡ ಸತ್ತರೆ ಆಸ್ತಿಯ ಅರ್ಧ ಹೆಂಡತಿಗೆ, ಉಳಿದದ್ದು ಮಕ್ಕಳಿಗೆ. ಹೆಣ್ಣುಮಗಳಿಗೂ ಗಂಡುಮಗನಿಗೂ ಸಮಪಾಲು. ತಬ್ಬಲಿ ಮಕ್ಕಳ ಹಣಕ್ಕೆ ಕಾವಲಾಗಿ ಊರೇ ನಿಲ್ಲುತ್ತಿತ್ತು. ನ್ಯಾಯಾಲಯದ ಮೆಟ್ಟಿಲು ಹತ್ತದೆ ಇಷ್ಟೆಲ್ಲ ನಡೆಯುತ್ತಿತ್ತು ಎಂಬುದು ಸಣ್ಣ ಮಾತಲ್ಲ.

ಈ ಒಟ್ಟುಬಾಳಿಗೆ ಕಾನೂನಿನ ಆಸರೆ ಇರಲಿಲ್ಲ. ಭೂಮಿಯ ಪಟ್ಟಾ ಒಬ್ಬೊಬ್ಬರ ಹೆಸರಿನಲ್ಲೇ ಇತ್ತು. ಯಾರಾದರೂ ತನ್ನ ಚೌಕಕ್ಕೆ ತಾನು ಹೋಗುತ್ತೇನೆಂದರೆ ತಡೆಯುವವರಿಲ್ಲ. ಹಾಗೆಯೇ ಬೀದಿಯೂರುಗಳು ಒಂದೊಂದಾಗಿ ಚದುರಿದವು. ನ್ಯೂಬರ್ಗ್‌ತಾಲ್ ತನ್ನ ಬೀದಿಯನ್ನು ಉಳಿಸಿಕೊಂಡಿತು. 1989ರಲ್ಲಿ ಅದು ರಾಷ್ಟ್ರೀಯ ಚಾರಿತ್ರಿಕ ತಾಣವಾಯಿತು.

ಶಾಲೆಯ ಭರವಸೆಯೂ ನಿಲ್ಲಲಿಲ್ಲ. 1916ರಲ್ಲಿ ಪ್ರಾಂತ್ಯ ಇಂಗ್ಲಿಷ್ ಶಾಲೆಯನ್ನು ಕಡ್ಡಾಯ ಮಾಡಿತು. ಕಟ್ಟುನಿಟ್ಟಿನ ಮೆನೊನೈಟರು ಮತ್ತೆ ಗಂಟುಮೂಟೆ ಕಟ್ಟಿದರು. 1922ರ ಮಾರ್ಚ್ 1ರಂದು ಇಲ್ಲಿನ ಪ್ಲಮ್ ಕೂಲಿ ನಿಲ್ದಾಣದಿಂದ ಮೊದಲ ರೈಲು ಮೆಕ್ಸಿಕೋದತ್ತ ಹೊರಟಿತು. ಅದರಲ್ಲಿ ಜನ, ದನ, ನೇಗಿಲು ಎಲ್ಲ. ಅವರು ಬಿಟ್ಟುಹೋದ ಎಷ್ಟೋ ಮನೆಗಳಿಗೆ ಮರುವರ್ಷದಿಂದಲೇ ಹೊಸಬರು ಬಂದರು. ಅವರೂ ಮೆನೊನೈಟರೇ, ಕ್ರಾಂತಿಯ ಬೆಂಕಿಯಿಂದ ಪಾರಾಗಿ ಬಂದ ರಷ್ಯಾದವರು.

ಮೆಕ್ಸಿಕೋಗೆ ಹೋದವರ ಪೀಳಿಗೆಯ ಅನೇಕರು ಈಗ ಕೆಲಸ ಹುಡುಕಿಕೊಂಡು ದಕ್ಷಿಣ ಮನಿಟೋಬಕ್ಕೆ ಮರಳಿದ್ದಾರೆ. ಅವರ ಮನೆಮಾತು ಇನ್ನೂ ಅದೇ ಹಳೆಯ ಜರ್ಮನ್ ಆಡುನುಡಿ, ಪ್ಲೌಟ್‌ಡೀಚ್. ನಡುನಡುವೆ ಸ್ಪ್ಯಾನಿಷ್ ಮಾತು ಸೇರಿಕೊಂಡಿದೆ.